ಸಹಾಯ ಬೇಕು: ಮಗನ ಎದೆಗುಳಿಗೆ ಟ್ರೀಟ್‌ಮೆಂಟ್, ಪುಣೆ ಅಥ್ವಾ ಮುಂಬೈ
ನಮಸ್ಕಾರ ಎಲ್ರಿಗೂ, ನಾವು ಶಿವಮೊಗ್ಗದವ್ರು, ಈಗ ಚಿಂಚ್ವಡದಲ್ಲಿದ್ದೀವಿ. ಮಗನಿಗೆ 13, ಎದೆ ನಡುವೆ ಗುಳಿ, ಪೆಕ್ಟಸ್ ಎಕ್ಸ್‌ಕವೇಟಮ್ ಅಂತಾರೆ, ಚಿಕ್ಕೋನಿದ್ದಾಗ ಅಷ್ಟು ಕಾಣ್ತಿರ್ಲಿಲ್ಲ ಈಗ ಉದ್ದ ಆಗ್ತಾ ಆಗ್ತಾ ಅದೂ ಆಳ ಆಗ್ತಿದೆ, ಓಡಿದ್ರೆ ಏದುಸಿರು, ಅಂಗಿ ಬಿಚ್ಚೋಕೆ ನಾಚ್ಕೊಂಡು ಸ್ವಿಮ್ಮಿಂಗೇ ಬಿಟ್ಬಿಟ್ಟ, ಅದೇ ನಂಗೆ ಜಾಸ್ತಿ ಸಂಕಟ. ಮೊದ್ಲು ತೋರಿಸಿದ ಡಾಕ್ಟ್ರು ತಾನಾಗೇ ಸರಿಹೋಗುತ್ತೆ ಅಂದ್ರು, ಎರಡು ವರ್ಷ ಹಾಗೇ ಹೋಯ್ತು. ಈಗ ಸಿಟಿ ಸ್ಕ್ಯಾನಲ್ಲಿ ಹಾಲರ್ ಇಂಡೆಕ್ಸ್ (ಗುಳಿ ಎಷ್ಟು ಆಳ ಅಂತ ಹೇಳೋ ಅಳತೆ, ಜಾಸ್ತಿ ಇದ್ದಷ್ಟು ಆಳ) 3.8, ಸಾಮಾನ್ಯವಾಗಿ 3.25 ದಾಟಿದ್ರೆ ಆಪರೇಷನ್ ಯೋಚ್ನೆ ಮಾಡ್ತಾರಂತೆ. ನಸ್ ವಿಧಾನದಲ್ಲಿ ಎದೆಮೂಳೆ ಕೆಳಗೆ ಬಾಗಿಸಿದ ಸ್ಟೀಲ್ ಬಾರ್ ಇಟ್ಟು ಸುಮಾರು 3 ವರ್ಷ ಆದ್ಮೇಲೆ ತೆಗೀತಾರೆ. ಮಕ್ಕಳಿಗೆ ಇದನ್ನ ಮಾಡಿಸಿದವ್ರು ಇದ್ದೀರಾ? ನೋವು ಎಷ್ಟು ದಿನ ಇತ್ತು, ಸ್ಕೂಲಿಗೆ ಯಾವಾಗ ಹೋದ, ಇನ್ಶೂರೆನ್ಸ್‌ನವ್ರು ಕಾಸ್ಮೆಟಿಕ್ ಅಂತ ತಳ್ಳಿಹಾಕಿದ್ರಾ? ವ್ಯಾಕ್ಯೂಮ್ ಬೆಲ್ (ಆಪರೇಷನ್ ಇಲ್ದೆ, ಎದೆ ಮೇಲಿಟ್ಟು ಗಾಳಿ ಹೀರಿ ಗುಳಿನ ಮೇಲೆತ್ತೋ ಕಪ್) ಬಳಸಿದವ್ರೂ ದಯವಿಟ್ಟು ಹೇಳಿ.