‘ತಾರತಮ್ಯ’ ಅಂದರೆ ಹೋಲಿಕೆ ಅಂತ ಬರೆದೆ, 12ಕ್ಕೆ 3 ಬಂತು

ಪ್ರಶ್ನೆ (ಬದಿಯಡ್ಕದಿಂದ, ಪದವಿ ಎರಡನೇ ವರ್ಷ):
ನಮಸ್ತೆ ಟೀಚರ್. ನಮಗೆ ಭಾರತೀಯ ಧರ್ಮ ಮತ್ತು ದರ್ಶನದ ಪೇಪರ್ ಇದೆ. ಕಳೆದ ವಾರದ ಇಂಟರ್ನಲ್‌ನಲ್ಲಿ ಹೀಗೊಂದು ಪ್ರಶ್ನೆ ಬಂತು: ‘ಮಧ್ವರ ದರ್ಶನದಲ್ಲಿ ತಾರತಮ್ಯದ ಪರಿಕಲ್ಪನೆಯನ್ನು ವಿಮರ್ಶಿಸಿ.’ 12 ಮಾರ್ಕು. ನಾನು ದ್ವೈತ, ಅದ್ವೈತ ಎರಡನ್ನೂ ಅಕ್ಕಪಕ್ಕ ಇಟ್ಟು ಮೂರು ಪುಟ ಬರೆದೆ. ಕೊನೆಗೆ ದ್ವೈತದಲ್ಲಿ ಏನು ತಪ್ಪಿದೆ ಅಂತ ಒಂದು ಪ್ಯಾರಾ. ಸಿಕ್ಕಿದ್ದು 3. ಮನೆಯಲ್ಲಿ ಕನ್ನಡ, ಪ್ಲಸ್ ಟು ತನಕ ಕನ್ನಡ ಮೀಡಿಯಂ, ಈಗ ಕ್ಲಾಸಲ್ಲಿ ಪಾಠ ಜಾಸ್ತಿ ಮಲಯಾಳದಲ್ಲಿ. ಬರೆದದ್ದರಲ್ಲಿ ತಪ್ಪಿಲ್ಲ, ಮತ್ತೆ ಯಾಕೆ ಹೀಗೆ?

ಉತ್ತರ (ನಿವೃತ್ತ ಉಪನ್ಯಾಸಕಿ, ಕಾಸರಗೋಡು):
ಮಗಳೇ, ನೀನು ಓದಿದ್ದು ಕಡಿಮೆಯಾಗಿಲ್ಲ. ಆ ಪ್ರಶ್ನೆಯ ಎರಡು ಶಬ್ದಗಳನ್ನು ಮಲಯಾಳದ ಅರ್ಥದಲ್ಲಿ ಓದಿದ್ದೀಯ, ಅಷ್ಟೇ. ಪೇಪರ್ ನೋಡುತ್ತಿದ್ದ ದಿನಗಳಲ್ಲಿ ಇದನ್ನು ತುಂಬಾ ಸಲ ಕಂಡಿದ್ದೇನೆ. ಗೊತ್ತಿದ್ದ ಮಕ್ಕಳೇ ಮಾರ್ಕು ಕಳೆದುಕೊಳ್ಳುವುದು ನೋಡಿ ಪ್ರತಿ ಸಲ ಬೇಜಾರಾಗುತ್ತಿತ್ತು.

ಮಲಯಾಳದಲ್ಲಿ ‘ತಾರತಮ್ಯಂ ಚೆಯ್ಯುಕ’ ಅಂದರೆ ಹೋಲಿಸುವುದು. ದಿನಾ ಕೇಳಿ ಕೇಳಿ ಅದೇ ತಲೆಯಲ್ಲಿ ಕೂತುಬಿಡುತ್ತದೆ. ನಮ್ಮ ಮಾತಿನ ಕನ್ನಡದಲ್ಲಿ ತಾರತಮ್ಯ ಅಂದರೆ ಭೇದಭಾವ: ಒಬ್ಬನ ಎಲೆಗೆ ಎರಡು ಹೋಳಿಗೆ, ಪಕ್ಕದವನ ಎಲೆಗೆ ಒಂದು. ದ್ವೈತದಲ್ಲಿ ಇವೆರಡೂ ಅಲ್ಲ. ಅಲ್ಲಿ ಅದು ಮೇಲಿನಿಂದ ಕೆಳಗೆ ಇಳಿಯುವ ಮೆಟ್ಟಿಲು. ಮಧ್ವರು ಐದು ಭೇದ ಹೇಳುತ್ತಾರೆ (ಈಶ್ವರ ಅಂದರೆ ಇಲ್ಲಿ ವಿಷ್ಣು, ಜಡ ಅಂದರೆ ಜೀವವಿಲ್ಲದ ವಸ್ತು): ಈಶ್ವರ-ಜೀವ, ಈಶ್ವರ-ಜಡ, ಜೀವ-ಜೀವ, ಜೀವ-ಜಡ, ಜಡ-ಜಡ. ಒಂದು ಜೀವ ಇನ್ನೊಂದರ ಹಾಗಿಲ್ಲ ಅಂತ ಒಪ್ಪಿದ ಮೇಲೆ, ಅವುಗಳ ಯೋಗ್ಯತೆಯೂ ಒಂದೇ ಅಲ್ಲ ಅನ್ನುವಲ್ಲಿಗೆ ಬರುತ್ತೇವೆ. ವಿಷ್ಣು ಎಲ್ಲರಿಗಿಂತ ಮೇಲೆ. ನಂತರ ಲಕ್ಷ್ಮಿ, ಬ್ರಹ್ಮ-ವಾಯು, ಹೀಗೆ ಇಳಿಯುತ್ತದೆ. ಮೋಕ್ಷಕ್ಕೆ ಹೋದ ಮೇಲೂ ಆನಂದದಲ್ಲಿ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು (ಹುಟ್ಟುಸಾವಿನಲ್ಲೇ ಸುತ್ತುವವರು), ತಮೋಯೋಗ್ಯರು (ಕೊನೆಗೆ ಕತ್ತಲೆಗೆ ಸೇರುವವರು) ಅಂತ ಜೀವಗಳಲ್ಲಿ ಮೂರು ಬಗೆ ಮಾಡುವುದೂ ಇದೇ ಕಾರಣಕ್ಕೆ. ಪ್ರಶ್ನೆ ಕೇಳಿದ್ದು ಇದನ್ನು. ನಿನ್ನ ಮೂರು ಪುಟದಲ್ಲಿ ಇದು ಎಷ್ಟು ಸಾಲು ಇತ್ತು?

ಇನ್ನು ‘ವಿಮರ್ಶಿಸಿ’. ಮಲಯಾಳದಲ್ಲಿ ವಿಮರ್ಶನ ಅಂದರೆ ಹೆಚ್ಚಾಗಿ ಟೀಕೆ, ತಪ್ಪು ಎತ್ತಿ ಹೇಳುವುದು. ಕನ್ನಡದಲ್ಲಿ ವಿಮರ್ಶೆ ಅಂದರೆ ತೂಗಿ ನೋಡುವುದು. ಅದಕ್ಕೆ ಯಾವ ಆಧಾರ ಇದೆ, ಯಾರು ಒಪ್ಪಲಿಲ್ಲ, ಆಕ್ಷೇಪಕ್ಕೆ ದ್ವೈತಿಗಳ ಉತ್ತರ ಏನು, ಆಮೇಲೆ ನಿನ್ನ ತೀರ್ಮಾನ. ಅದ್ವೈತ ಬರಬೇಕಾದ್ದು ಇಲ್ಲಿ. ಶಂಕರರಿಗೆ ಪರಮಾರ್ಥದಲ್ಲಿ ಇರುವುದೇ ಒಂದು, ಹಾಗಾಗಿ ಮೇಲುಕೀಳು ವ್ಯವಹಾರದ ಮಟ್ಟದಲ್ಲಿ ಮಾತ್ರ. ನಾನಾಗಿದ್ದರೆ ಶಂಕರರಿಗಿಂತ ರಾಮಾನುಜರಿಗೆ ಜಾಸ್ತಿ ಜಾಗ ಕೊಡುತ್ತಿದ್ದೆ. ಅವರೂ ಜೀವಗಳು ಬೇರೆ ಬೇರೆ ಅನ್ನುತ್ತಾರೆ, ಆದರೆ ಮುಕ್ತರ ಆನಂದ ಸಮಾನ ಅನ್ನುತ್ತಾರೆ. ನಿಜವಾದ ಜಗಳ ಅಲ್ಲಿದೆ. ಅದನ್ನು ಬರೆದವರು ಕಡಿಮೆ, ಬರೆದರೆ ಪೇಪರ್ ನೋಡುವವರು ನಿಂತು ಓದುತ್ತಾರೆ.

ಇದು ದೂರದ ವಿಷಯ ಅಂತಲೂ ಅಂದುಕೊಳ್ಳಬೇಡ. ಮಧ್ವರೊಡನೆ ದಿನಗಟ್ಟಲೆ ವಾದ ಮಾಡಿ ಕೊನೆಗೆ ಅವರ ಶಿಷ್ಯರಾದ ತ್ರಿವಿಕ್ರಮ ಪಂಡಿತರು ನಮ್ಮ ಕಾಸರಗೋಡಿನ ಕಡೆಯವರೇ.

ತಳಂಗರೆಯಿಂದ ಒಬ್ಬ ವಿದ್ಯಾರ್ಥಿ:
ಟೀಚರ್, ನನ್ನದು ಇನ್ನೂ ವಿಚಿತ್ರ. ‘ಝಕಾತಿನ ಸಾಮಾಜಿಕ ಮಹತ್ವವನ್ನು ಪರಿಶೀಲಿಸಿ’ ಅಂತ ಕೇಳಿದ್ದರು. ಮದ್ರಸದಲ್ಲಿ ಚಿಕ್ಕಂದಿನಿಂದ ಕಲಿತದ್ದು. ಶಹಾದಾ (ನಂಬಿಕೆಯ ಸಾಕ್ಷ್ಯವಚನ), ನಮಾಜು, ಝಕಾತ್, ಉಪವಾಸ, ಹಜ್ಜ್, ಹೀಗೆ ಇಸ್ಲಾಮಿನ ಐದು ಸ್ತಂಭಗಳನ್ನೂ ಚೆನ್ನಾಗಿ ಬರೆದೆ. 10ಕ್ಕೆ 4.

ಉತ್ತರ:
ವಿಚಿತ್ರ ಏನಿಲ್ಲಪ್ಪ. ಮನೆಯಲ್ಲೇ ಇರುವ ಧರ್ಮದ ಪ್ರಶ್ನೆಯೇ ಕಷ್ಟ. ಗೊತ್ತಿದ್ದದ್ದೆಲ್ಲ ಒಟ್ಟಿಗೆ ನುಗ್ಗಿ ಬರುತ್ತದೆ. ಐದು ಕೇಳಿರಲಿಲ್ಲ, ಒಂದು ಕೇಳಿದ್ದರು. ಅದರಲ್ಲೂ ‘ಸಾಮಾಜಿಕ’ ಅಂತ ಬೇಲಿ ಹಾಕಿದ್ದರು. ಝಕಾತಿನಿಂದ ಮನಸ್ಸು ಶುದ್ಧವಾಗುತ್ತದೆ ಅನ್ನುವುದು ಸರಿ, ಆದರೆ ಇಲ್ಲಿ ಅದಕ್ಕೆ ಎರಡು ಸಾಲು ಸಾಕು. ನಿಸಾಬಿಗಿಂತ (ಝಕಾತ್ ಕಡ್ಡಾಯವಾಗುವ ಕನಿಷ್ಠ ಮಿತಿಗಿಂತ) ಹೆಚ್ಚಿನ ಸಂಪತ್ತು ಒಂದು ಚಾಂದ್ರಮಾನ ವರ್ಷ ಕೈಯಲ್ಲಿ ಉಳಿದರೆ ಹಣ, ಚಿನ್ನದ ಮೇಲೆ ನೂರಕ್ಕೆ ಎರಡೂವರೆ. ಯಾರಿಗೆ ಸಲ್ಲಬೇಕು ಅಂತ ಕುರ್‌ಆನಿನಲ್ಲಿ 8 ವರ್ಗ ಹೇಳಿದೆ. ಬಡವರು, ಸಾಲದಲ್ಲಿ ಮುಳುಗಿದವರು, ದಾರಿಹೋಕರು ಅದರಲ್ಲಿದ್ದಾರೆ. ಸದಕಾ ಅನ್ನುವ ದಾನ ಕೊಡುವವರ ಇಷ್ಟ, ಝಕಾತ್ ಕಡ್ಡಾಯ. ಅಂದರೆ ಬಡವನಿಗೆ ಅದು ಭಿಕ್ಷೆಯಲ್ಲ, ಹಕ್ಕು. ಈ ಕೊನೆಯ ಮಾತನ್ನು ಹಿಡಿದುಕೊಂಡು ಒಂದು ಪುಟ ಬರೆ, ಉತ್ತರ ತಾನಾಗಿ ‘ಸಾಮಾಜಿಕ’ ಆಗುತ್ತದೆ.

ಪೆರ್ಲದಿಂದ ಒಬ್ಬರು:
ಟೀಚರ್, ‘ಪವಿತ್ರ ಮತ್ತು ಲೌಕಿಕ ಎಂಬ ವಿಭಜನೆಯನ್ನು ಸ್ಥಳೀಯ ಆಚರಣೆಯೊಂದರ ಮೂಲಕ ವಿವರಿಸಿ’ ಅಂತ ಬಂದಿತ್ತು. ಭೂತಕೋಲ ಬರೆದೆ. ಅಣಿ (ಬೆನ್ನಿಗೆ ಕಟ್ಟುವ ಅಲಂಕಾರ), ಬಣ್ಣ, ಮುಖವರ್ಣಿಕೆ, ಊಟ ಎಲ್ಲ. ಅರ್ಧ ಮಾರ್ಕೂ ಬರಲಿಲ್ಲ.

ಉತ್ತರ:
‘ಮೂಲಕ’ ಅನ್ನುವ ಶಬ್ದ ನೋಡಿ. ಕೋಲ ಇಲ್ಲಿ ಕನ್ನಡಕ, ನೋಡಬೇಕಾದ್ದು ಆಚೆ ಇದೆ. ಸಮಾಜಶಾಸ್ತ್ರಜ್ಞ ಡರ್ಕೈಮ್ ಹೇಳುವ ಪವಿತ್ರ ಅಂದರೆ ದಿನದ ಬದುಕಿನಿಂದ ಬೇರೆಯಾಗಿ ಇಟ್ಟದ್ದು, ನಿಷೇಧಗಳ ಕಾವಲು ಇರುವಂಥದ್ದು. ಮೊದಲು ಅದನ್ನು ನಾಲ್ಕು ಸಾಲಿನಲ್ಲಿ ಹೇಳಿ. ಆಮೇಲೆ ಕೋಲದ ಒಂದೇ ಒಂದು ಕ್ಷಣಕ್ಕೆ ಬನ್ನಿ. ಕೋಲ ಕಟ್ಟುವವರು ಕಾಲಿಗೆ ಗಗ್ಗರ, ಅಂದರೆ ದೈವದ ಗೆಜ್ಜೆ, ಕಟ್ಟುವ ಹೊತ್ತು. ನಿನ್ನೆ ಅಂಗಳದ ಬದಿಯಲ್ಲಿ ಕೂತು ಎಲೆಅಡಿಕೆ ಹಾಕುತ್ತಿದ್ದ ಮನುಷ್ಯ ಅವರೇ. ಗಗ್ಗರ ಕಾಲಿಗೆ ಬಂದ ಮೇಲೆ ಮನೆಯ ಹಿರಿಯರೂ ಕೈಮುಗಿದು ನಿಲ್ಲುತ್ತಾರೆ. ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಗೆರೆ ದಾಟಿದ್ದು ಅಲ್ಲಿ. ಮತ್ತೆ ಲೌಕಿಕ ಪೂರ್ತಿ ಹೊರಗೆ ಉಳಿಯುತ್ತದಾ ಅಂತಲೂ ಕೇಳಿ. ದೈವದ ನುಡಿಯಲ್ಲಿ ಜಾಗದ ತಕರಾರು, ಅಣ್ಣತಮ್ಮಂದಿರ ಜಗಳ ಬರುತ್ತದೆ ಅಲ್ವಾ? ಡರ್ಕೈಮನ ಗೆರೆ ನಮ್ಮ ಅಂಗಳದಲ್ಲಿ ಅಷ್ಟು ನೇರವಾಗಿಲ್ಲ. ಹಾಗೆ ಬರೆಯಲು ಹೆದರಬೇಡಿ.

ಪ್ಲಸ್ ಟುವಿನಲ್ಲಿ ಬರೆಯುವ ಮೊದಲು ಪ್ರಶ್ನೆ ಓದಲು 15 ನಿಮಿಷ ಕೂಲ್ ಆಫ್ ಟೈಮ್ ಇತ್ತಲ್ಲ? ಈಗ ಯಾರೂ ಕೊಡುವುದಿಲ್ಲ, ನೀವೇ 5 ನಿಮಿಷ ತೆಗೆದುಕೊಳ್ಳಿ. ಪ್ರಶ್ನೆಯ ಕೊನೆಯ ಶಬ್ದದಿಂದ ಹಿಂದಕ್ಕೆ ಓದಿ. ಏನು ಮಾಡಲು ಹೇಳಿದ್ದಾರೆ, ಯಾವುದಕ್ಕೆ ಬೇಲಿ ಹಾಕಿದ್ದಾರೆ, ಮುಖ್ಯ ಶಬ್ದ ಯಾರ ಅರ್ಥದಲ್ಲಿ ಬಂದಿದೆ.

ಬದಿಯಡ್ಕದಿಂದ ಮತ್ತೆ:
ಟೀಚರ್, ಶುರು ಮಾಡಿದೆ. ‘ದ್ವೈತದಲ್ಲಿ ತಾರತಮ್ಯ ಎಂದರೆ ಜೀವಗಳ ಯೋಗ್ಯತೆಯಲ್ಲಿರುವ ಸಹಜವಾದ ಮೇಲುಕೆಳಗು. ದೇವರು ಜೀವಗಳನ್ನು ಹಾಗೆಯೇ ಸೃಷ್ಟಿಸಿದ್ದಾನೆ.’

ಉತ್ತರ:
ಮೊದಲ ವಾಕ್ಯ ಚೆನ್ನಾಗಿದೆ, ಹಾಗೇ ಇರಲಿ. ಎರಡನೆಯದು ತೆಗೆ. ಮಧ್ವರಿಗೆ ಜೀವ ಅನಾದಿ, ಯೋಗ್ಯತೆಯೂ ಅದರ ಸ್ವರೂಪದಲ್ಲೇ ಇರುವಂಥದ್ದು, ಯಾರೂ ಹೊಸದಾಗಿ ಕೊಟ್ಟದ್ದಲ್ಲ. ‘ಮಧ್ವರ ಪ್ರಕಾರ’ ಅಂತ ಸೇರಿಸಿ ಬರೆ, ಇಲ್ಲದಿದ್ದರೆ ನಿನ್ನ ನಂಬಿಕೆ ಹೇಳಿದ ಹಾಗಾಗುತ್ತದೆ. ರಾಮಾನುಜರ ಭಿನ್ನ ಅಭಿಪ್ರಾಯದ ಪ್ಯಾರಾ ನಾಳೆ ಸಂಜೆಯೊಳಗೆ ಇಲ್ಲಿ ಹಾಕು, ನೋಡುತ್ತೇನೆ.