ಬಚ್ಚಲ ಒಲೆ ಹತ್ರ ಮಾತ್ರ ಬೇಡ ಮಾರಾಯ

ಪುಟ್ಟಾ, ನಿನ್ನ ಮೆಸೇಜ್ ಈಗ ನೋಡಿದೆ. ಅಟ್ಟದಿಂದ ಇಳಿಸಿದ ಬುಲೆಟ್ ಬೈಕಿನ ಜೋಡಿ ಚರ್ಮದ ಚೀಲಕ್ಕೆ ಬೂಷ್ಟು ಹಿಡಿದಿದೆ, ತೊಳೆದಿದ್ದು ಆರುತ್ತಿಲ್ಲ, ಬಚ್ಚಲ ಒಲೆ ಹತ್ರ ಇಟ್ಟು ಒಣಗಿಸಿ ಕಪ್ಪು ಬಣ್ಣ ಹೊಡೆಯಲಾ ಅಂತ ಕೇಳಿದ್ದೀಯ. ಕನ್ನಡಕ ಸಿಗುತ್ತಿಲ್ಲ, ಮೈಕ್ ಒತ್ತಿ ಮಾತಾಡುತ್ತಿದ್ದೇನೆ. ತಪ್ಪು ಬಿದ್ದರೆ ಸರಿ ಮಾಡಿಕೊಂಡು ಓದಿ.

ಒಲೆ ಹತ್ರ ಮಾತ್ರ ಇಡಬೇಡ ಮಾರಾಯ.

ನಿಮ್ಮ ಸಾಗರದ ಮಾವ ಗೊತ್ತಲ್ಲ, ಎಲ್ಲದಕ್ಕೂ ಅವಸರ. ಒಂದು ಆಷಾಢದಲ್ಲಿ ನಾವಿಬ್ಬರೂ ಆಗುಂಬೆಯಿಂದ ಬುಲೆಟ್ಟಲ್ಲಿ ಬಂದೆವು. ಅಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಮಳೆ, ಕೇಳಬೇಕಾ? ಚೀಲ ಹಿಂಡಿದರೆ ಚೊಂಬು ನೀರು. ನಾನು ಎರಡನ್ನೂ ಜಗಲಿಯಲ್ಲಿ ನೇತುಹಾಕಿ ಕಷಾಯ ಕುಡಿಯೋಕೆ ಒಳಗೆ ಹೋದೆ. ಅಷ್ಟರಲ್ಲಿ ಈ ಪುಣ್ಯಾತ್ಮ ಒಂದನ್ನು ಎತ್ತಿಕೊಂಡು ಹೋಗಿ ಹಂಡೆ ಒಲೆ ದಂಡೆ ಮೇಲೆ ಇಟ್ಟಿದ್ದಾನೆ. ಬೆಳಿಗ್ಗೆ ನೋಡಿದರೆ ಮುಚ್ಚಳ ಸುಟ್ಟ ಹಪ್ಪಳದ ಹಾಗೆ ಮುರುಟಿದೆ. ಪಟ್ಟಿ ಬಕಲ್ ತನಕ ಬರುತ್ತಲೇ ಇಲ್ಲ. ಎಳೆದರೆ ಹೊಲಿಗೆ ಪಕ್ಕದಲ್ಲೇ ಪಟ್ ಅಂತ ಸೀಳಿತು. ಒದ್ದೆ ಚರ್ಮಕ್ಕೆ 70-80 ಡಿಗ್ರಿ ಬಿಸಿ ತಾಗಿದರೆ ಒಳಗಿನ ನಾರೇ ಕುಗ್ಗಿಬಿಡುತ್ತದೆ. ಆಮೇಲೆ ಎಣ್ಣೆಯಲ್ಲಿ ಅದ್ದಿಟ್ಟರೂ ಹಿಗ್ಗುವುದಿಲ್ಲ. ಬಲಗಡೆಯ ಚೀಲ ಗಿಡ್ಡ ಇದೆ ಅಲ್ವಾ? ಅದೇ ಅದು.

ಮತ್ತೆ ಹೇಳುತ್ತೇನೆ, ಒಲೆ ಬೇಡ, ಹೇರ್ ಡ್ರೈಯರ್ ಬೇಡ, ಸುಡು ಬಿಸಿಲೂ ಬೇಡ. ಒಳಗೆ ಪೇಪರ್ ತುರುಕಿ ಗಾಳಿ ಆಡುವ ಕಡೆ ನೇತುಹಾಕು. ಪೇಪರ್ ಒದ್ದೆಯಾದ ಹಾಗೆ ಬದಲಾಯಿಸು.

ಅಲ್ಲ, ಆ ಚೀಲದಲ್ಲಿ ನಾನು ಅಡಿಕೆ ಮಂಡಿಯಿಂದ ದುಡ್ಡು ತರುತ್ತಿದ್ದೆ. ಮನೆ ಪಾಲಾದಾಗ ಗಾಡಿ ನಮಗೆ ಅಂತ ಬೆಂಗಳೂರಿನವರು ತಗೊಂಡು ಹೋದರು. ಹೋಗಲಿ ಬಿಡು. ಆದರೆ ಈ ಹಳೇ ಚೀಲ ನೀವೇ ಇಟ್ಕೊಳ್ಳಿ ಅಂತ ಬಿಚ್ಚಿ ಜಗಲಿ ಮೇಲೆ ಎಸೆದರಲ್ಲ, ಅದನ್ನು ಮಾತ್ರ ನಾನು ಮರೆತಿಲ್ಲ. ಈಗ ಗಾಡಿ ಯಾವುದೋ ಅಪಾರ್ಟ್‌ಮೆಂಟ್ ಕೆಳಗೆ ಕವರ್ ಹೊದ್ದು ನಿಂತಿದೆಯಂತೆ. ವರ್ಷಕ್ಕೊಂದು ಸಲ ಸ್ಟಾರ್ಟ್ ಮಾಡಿದರೆ ಹೆಚ್ಚು. ಅವರೂ ಇದೇ ಗ್ರೂಪಲ್ಲಿದ್ದಾರೆ, ಕೇಳಿಸಿಕೊಳ್ಳಲಿ.

ಅಯ್ಯೋ, ಬಣ್ಣದ ವಿಷಯ ಬಿಟ್ಟೇ ಹೋಯ್ತು. ಉಳಿದ ಬೂಷ್ಟನ್ನು ಅಂಗಳಕ್ಕೆ ಒಯ್ದು ಬ್ರಷ್‌ನಲ್ಲಿ ಉಜ್ಜು, ಮನೆಯೊಳಗೆ ಬೇಡ. ಚೀಲ ಪೂರ್ತಿ ಆರಿದ ಮೇಲೆ ಬಟ್ಟೆಗೆ ಸ್ವಲ್ಪ ಅಸಿಟೋನ್ ಹಾಕಿ ಹಳೇ ಪಾಲಿಶ್ ಒರೆಸಿ ತೆಗೆ. ಹತ್ತಿರದಲ್ಲಿ ಬೆಂಕಿ, ಬೀಡಿ ಯಾವುದೂ ಇರಬಾರದು. ಒಂದು ಹನಿ ನೀರು ಬಿಟ್ಟು ನೋಡು. ಹೀರಿಕೊಂಡರೆ ಸರಿ, ಗುಂಡಗೆ ನಿಂತರೆ ಇನ್ನೂ ಪಾಲಿಶ್ ಇದೆ ಅಂತ. ಅಂಗಡಿಯಲ್ಲಿ ಲೆದರ್ ಡೈ ಅಂತಲೇ ಕೇಳು, ಚರ್ಮದೊಳಗೆ ಇಳಿಯುವ ಬಣ್ಣ ಅದು. ಪೇಂಟ್ ಕೊಟ್ಟರೆ ತರಬೇಡ, ಮಡಿಕೆ ಬೀಳುವ ಕಡೆ ಬಿರಿಯುತ್ತದೆ. ಮೊದಲು ಹಿಂಬದಿಗೆ ಚೂರು ಹಚ್ಚಿ ನೋಡು. ಆಮೇಲೆ ತೆಳ್ಳಗೆ ಎರಡು ಸಲ, ನಡುವೆ ಆರಲು ಬಿಟ್ಟು. ಕೊನೆಗೆ ಬಿಳಿ ಬಟ್ಟೆಯಲ್ಲಿ ಉಜ್ಜುತ್ತಾ ಇರು, ಬಟ್ಟೆಗೆ ಕಪ್ಪು ಹತ್ತೋದು ನಿಲ್ಲುವ ತನಕ. ಇಲ್ಲದಿದ್ದರೆ ಮೊದಲ ಮಳೆಗೇ ನಿನ್ನ ಪ್ಯಾಂಟು ಹೋಯ್ತು. ಮೇಲೆ ಜೇನುಮೇಣದ ಕ್ರೀಮ್ ಹಚ್ಚು. ನಿಮ್ಮಮ್ಮ ಕೊಬ್ಬರಿ ಎಣ್ಣೆ ಸಾಕು ಅಂತಾಳೆ, ಕೇಳಬೇಡ.

ಗಾಂಧಿ ಬಜಾರಲ್ಲಿ ಡೈ ಸಿಗದಿದ್ದರೆ ಫೋನ್ ಮಾಡು. ಮಧ್ಯಾಹ್ನ ಬೇಡ, ಮಲಗಿರುತ್ತೇನೆ.