ಸಹಾಯ ಬೇಕು: ಐವಿಎಫ್ ಲ್ಯಾಬಿನ ‘5% ಗ್ಯಾಸ್’ ಅಂದರೆ ಯಾವುದು?

ಎಲ್ಲರಿಗೂ ನಮಸ್ಕಾರ. ನಾವು ಉಡುಪಿಯವರು, ಐವಿಎಫ್ (ಲ್ಯಾಬಿನಲ್ಲಿ ಭ್ರೂಣ ಬೆಳೆಸಿ ಗರ್ಭಕ್ಕೆ ಹಾಕುವ) ಚಿಕಿತ್ಸೆ ಮಂಗಳೂರಿನಲ್ಲಿ ನಡೆಯುತ್ತಿದೆ. ಕಳೆದ ಸಲ ಮೂರನೇ ದಿನದವರೆಗೆ ಭ್ರೂಣಗಳು ಚೆನ್ನಾಗಿಯೇ ಇದ್ದವು. ಐದನೇ ದಿನದ ಬ್ಲಾಸ್ಟೊಸಿಸ್ಟ್ (ಇನ್ನಷ್ಟು ಬೆಳೆದ ಭ್ರೂಣ) ಹಂತಕ್ಕೆ ಒಂದೂ ಬರಲಿಲ್ಲ. ಅಂಡಾಣು, ವೀರ್ಯದ ಗುಣಮಟ್ಟ ಕಾರಣ ಇರಬಹುದು ಎಂದರು ಡಾಕ್ಟರ್. ಇರಬಹುದು, ಇಲ್ಲ ಅನ್ನುವುದಿಲ್ಲ.

ಆದರೆ ಓದುತ್ತಾ ಹೋದಾಗ ಆಕ್ಸಿಜನ್ ವಿಷಯ ಸಿಕ್ಕಿತು. ನಾವು ಉಸಿರಾಡುವ ಗಾಳಿಯಲ್ಲಿ ಸುಮಾರು 21% ಇದೆ. ಗರ್ಭನಾಳದೊಳಗೆ ತುಂಬಾ ಕಡಿಮೆ. ಜಾಸ್ತಿಯಾದರೆ ಭ್ರೂಣದ ಜೀವಕೋಶಗಳಿಗೆ ಪೆಟ್ಟಾಗಬಹುದಂತೆ. ಅದಕ್ಕೇ ಹಲವು ಲ್ಯಾಬುಗಳಲ್ಲಿ ಭ್ರೂಣ ಇಟ್ಟು ಬೆಳೆಸುವ ಪೆಟ್ಟಿಗೆಗೆ, ಅಂದರೆ ಇನ್‌ಕ್ಯುಬೇಟರಿಗೆ ನೈಟ್ರೋಜನ್ ಹಾಯಿಸಿ ಆಕ್ಸಿಜನ್ನನ್ನು 5%ಕ್ಕೆ ಇಳಿಸುತ್ತಾರೆ.

ಆಸ್ಪತ್ರೆಯಲ್ಲಿ ಕೇಳಿದ್ದಕ್ಕೆ, “ನಮ್ಮದು 5% ಗ್ಯಾಸ್, ಟೆನ್ಶನ್ ಮಾಡ್ಬೇಡಿ” ಅಂದರು. ತಲೆ ಕೆಟ್ಟದ್ದು ಇಲ್ಲೇ ಮಾರಾಯ್ರೇ! ಭ್ರೂಣ ಬೆಳೆಸುವ ದ್ರವದ ಪಿಎಚ್ (ಆಮ್ಲ-ಕ್ಷಾರದ ಮಟ್ಟ) ಸರಿಯಿರಲಿಕ್ಕೆ ಕಾರ್ಬನ್ ಡೈಆಕ್ಸೈಡನ್ನೂ 5-6% ಇಡುತ್ತಾರೆ ಅಲ್ವಾ? ಆಕ್ಸಿಜನ್ ಇಳಿಸದ ಇನ್‌ಕ್ಯುಬೇಟರಿನಲ್ಲೂ ಅದು ಇರುತ್ತದೆ. ಹಾಗಾದರೆ ಅವರು ಹೇಳಿದ 5% ಯಾವುದರದ್ದು? ಕೊಟ್ಟ ಶೀಟಿನಲ್ಲಿ ‘8 ಸೆಲ್, ಗ್ರೇಡ್ ಎ’ ಅಂತ ಪೆನ್ನಿನಲ್ಲಿ ಗೀಚಿದ್ದಾರೆ, ಗ್ಯಾಸಿನ ಬಗ್ಗೆ ಒಂದಕ್ಷರ ಇಲ್ಲ. ಈಮೇಲಿಗೆ ಉತ್ತರವೂ ಬಂದಿಲ್ಲ. ಜಗಳ ಮಾಡುವ ಮನಸ್ಸಿಲ್ಲ, ಮುಂದಿನ ಸಲಕ್ಕೂ ಅವರೇ ಬೇಕು.

ಐವಿಎಫ್ ಲ್ಯಾಬಿನಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳಿ. ಆಕ್ಸಿಜನ್ ಐದೂ ದಿನ 5% ಇತ್ತಾ ಎಂದು ತಿಳಿಯಲು ಎಂಬ್ರಿಯಾಲಜಿಸ್ಟ್ (ಲ್ಯಾಬಿನಲ್ಲಿ ಭ್ರೂಣ ನೋಡಿಕೊಳ್ಳುವ ತಜ್ಞರು) ಹತ್ತಿರ ಏನಂತ ಕೇಳಬೇಕು? ಯಾವ ದಾಖಲೆಯಲ್ಲಿ ಅದು ಬರೆದಿರುತ್ತದೆ? ಬೇರೆ ಆಸ್ಪತ್ರೆ ಹೆಸರು ಸದ್ಯಕ್ಕೆ ಬೇಡ.